ಖಾತುನಬಿಯ ನಲವತ್ತೊಂದು ಪದ

ಇದು ಬಾಗೇವಾಡಿಯ ಮುಬಿನನಿಗೆ ಆದದ್ದು. ಅವನ ಮನೆಗೂ ನಮ್ಮ ಮನೆಗೂ ನಡುವೆ ಒಂದೇ ಗೋಡೆ. ಆದದ್ದನ್ನು ಆದ ಹಾಗೇ ಹೇಳುತ್ತೇನೆ, ಉಪ್ಪು ಖಾರ ಹಚ್ಚುವುದಿಲ್ಲ.

ಮುಬಿನನದು ಬಸ್ ಸ್ಟ್ಯಾಂಡಿನ ಹಿಂದೆ ಕಂಪ್ಯೂಟರ್ ರಿಪೇರಿ ಅಂಗಡಿ. ಅವತ್ತು ಶಟರ್ ಎಳೆಯುವಾಗ ಹತ್ತು ದಾಟಿತ್ತು. ಹೆಗಲಿಗೆ ಚೀಲ, ಚೀಲದೊಳಗೆ ಬಸಂತರಾಯ ಮಾಸ್ತರರ ಹಳೇ ಲ್ಯಾಪ್‌ಟಾಪು. ಊರಾಚೆಯ ನಮ್ಮ ಓಣಿಗೆ ಬರಬೇಕೆಂದರೆ ಆಲದ ಮರದ ಕೆಳಗಿನ ಹಾಳು ಬಾವಿ ದಾಟಲೇಬೇಕು. ಬಾವಿಯ ಹತ್ತಿರ ಬಂದ...

ಗಿರ್ರ್... ಗಿರ್ರ್...

ಚೀಲದೊಳಗೆ ಫ್ಯಾನು ತಿರುಗುವ ಸದ್ದು.

ಮುಬಿನ ನಿಂತ. ಸದ್ದೂ ನಿಂತಿತು. ನಾಲ್ಕು ಹೆಜ್ಜೆ ಇಟ್ಟ. ಮತ್ತೆ ಗಿರ್ರ್... ಅದರ ಬ್ಯಾಟರಿಯನ್ನು ಅವನೇ ಸಂಜೆ ಬಿಚ್ಚಿ ಅಂಗಡಿಯ ಕಪಾಟಿನಲ್ಲಿ ಇಟ್ಟು ಬಂದಿದ್ದ. ಹಿಂದೆ ನೋಡದೆ ಬಿರಬಿರನೆ ನಡೆದ.

ಮಾಸ್ತರರು ಮನಗೂಳಿಯವರು. ಬಾಗೇವಾಡಿಯಲ್ಲಿ ಕನ್ನಡ ಕಲಿಸಿ ರಿಟೈರ್ ಆದವರು. ಮುಬಿನ ಹತ್ತನೇ ಇಯತ್ತೆಯಲ್ಲಿ ಫೇಲಾಗಿ ಸಾಲಿ ಬಿಡಲು ಹೊರಟಾಗ, ದಿನಾ ಸಂಜೆ ಪಕ್ಕದಲ್ಲಿ ಕೂಡಿಸಿಕೊಂಡು ಪಾಸು ಮಾಡಿಸಿದವರು. ಅವರ ಮಾತನ್ನು ಅವನು ಒಮ್ಮೆಯೂ ಮೀರಿದವನಲ್ಲ. ಅವತ್ತು ಮಧ್ಯಾಹ್ನ ತಾವೇ ಅಂಗಡಿಗೆ ಬಂದಿದ್ದರು.

"ಚಾಲೂನ ಆಗವಲ್ದಪಾ ಇದು. ಒಳಗಿಂದೆಲ್ಲಾ ಅಳಸಿ ಹೊಸಾ ವಿಂಡೋಸ್ ಹಾಕು."

"ಒಳಗ ಬೇಕಾದ್ದು ಏನರೆ ಇದ್ರ ಮೊದಲ ತಗದಿಡ್ತೇನ್ರಿ ಸರ್."

"ಏನೂ ಇಲ್ಲ. ನೋಡೂ ಗರಜನೂ ಇಲ್ಲ. ನಾಳೆ ಮುಂಜಾನೆ ಬೇಕ ನನಗ."

ಅದಕ್ಕೇ ಅದನ್ನು ಮನೆಗೆ ತಂದಿದ್ದ. ಹೆಂಡತಿ ಫಿರದೋಸ ಒಳಗಿನ ಕೋಣೆಯಲ್ಲಿ ಮಲಗಿದ್ದಳು. ಪಡಸಾಲೆಯಲ್ಲಿ ಕೂತು ವಾಯರ್ ಚುಚ್ಚಿದ. ಸಿ.ಡಿ. ಹಾಕುವ ಜಾಗವೇ ಇಲ್ಲದ ಲ್ಯಾಪ್‌ಟಾಪು ಅದು. ಇಂಥವಕ್ಕೆಂದೇ ವಿಂಡೋಸ್ ತುಂಬಿಟ್ಟ ಪೆನ್ ಡ್ರೈವ್ ಒಂದು ಅವನ ಬಳಿ ಇತ್ತು. ಅದನ್ನು ಸಿಕ್ಕಿಸಿ, ಅದರಿಂದಲೇ ಚಾಲೂ ಆಗುವಂತೆ ಮಾಡಿದ. ಪರದೆ ನೀಲಿಯಾಯಿತು. ಹಳೆಯದನ್ನೆಲ್ಲ ಅಳಿಸಲೇ ಎಂದು ಕೇಳಿತು. ಮುಬಿನ ಹೂಂ ಎಂದು ಒತ್ತಿದ.

ಕಟಕ್... ಕಟಕ್... ಹಾರ್ಡ್ ಡಿಸ್ಕಿನ ಸದ್ದು. ಹೊಸದು ಇಳಿಯತೊಡಗಿತು. ನೂರಕ್ಕೆ ಹತ್ತು... ಇಪ್ಪತ್ತು... ಮೂವತ್ತೇಳಕ್ಕೆ ಬಂದು ನಿಂತುಬಿಟ್ಟಿತು.

ಆಗ ಕೇಳಿಸಿತು. ಯಾರೋ ಗಂಟಲು ಸರಿಮಾಡಿಕೊಂಡ ಹಾಗೆ... ಹ್ಞಾಂ... ಹ್ಞಾಂ... ಆಮೇಲೆ ಹಾಡು. ಮೂಗಿನಲ್ಲಿ ಗುಣುಗಿದಂತೆ, ಮೆಲ್ಲಗೆ.

ಕಂಪ್ಯೂಟರ್ ಬಲ್ಲವರನ್ನು ಬೇಕಾದರೆ ಕೇಳಿ ನೋಡಿ. ಆ ಕೆಲಸ ನಡೆದಿರುವಾಗ ಅದರಿಂದ ಹಾಡು ಬರುವ ಮಾತೇ ಇಲ್ಲ. ದನಿ ಬರುವುದು ಎಲ್ಲ ಮುಗಿದ ಮೇಲೆ. ಮುಬಿನನಿಗೆ ಇದು ಗೊತ್ತಿತ್ತು. ಆ ದನಿ ಯಾರದೆಂಬುದೂ ಗೊತ್ತಿತ್ತು.

ಖಾತುನಬಿ ಅವನ ತಂದೆಯ ತಾಯಿ. ತೀರಿಕೊಂಡು ಮೂರು ವರ್ಷ. ಅಕ್ಷರ ಬಾರದ ಆ ಮುದುಕಿ ಮೊಹರಮ್ಮಿನ ಪದಗಳನ್ನು ತಾನೇ ಕಟ್ಟುತ್ತಿದ್ದಳು. ಇಂಡಿ, ಸಿಂದಗಿ, ಮುದ್ದೇಬಿಹಾಳದ ಕಡೆಯಿಂದ ಮೇಳದವರು ಬಂದು ಕೇಳಿ ಹೋಗುತ್ತಿದ್ದರು. ಆಕೆಯ ಕೊನೆಯ ಬೇಸಿಗೆಯಲ್ಲಿ ಮಾಸ್ತರರು ದಿನಾ ಬಂದು ಎಲ್ಲವನ್ನೂ ರೆಕಾರ್ಡ್ ಮಾಡಿಕೊಂಡಿದ್ದರು. ಮುಬಿನ ಆಗ ಬಿಜಾಪುರದಲ್ಲಿ ಕೆಲಸ ಕಲಿಯುತ್ತಿದ್ದ. ಆಕೆ ಹೋದ ಮೇಲೆ ಆ ದನಿ ಕೇಳಬೇಕೆನಿಸಿ ಮನಗೂಳಿಗೆ ಹೋದರೆ, ಮಾಸ್ತರರು ಕಣ್ಣಲ್ಲಿ ನೀರು ತಂದಿದ್ದರು. "ಡಿಸ್ಕ್ ಸುಟ್ಟ ಹೋತಪಾ. ಒಂದೂ ಉಳೀಲಿಲ್ಲ."

"ಆಯಿ..." ಎಂದು ಪಿಸುಗುಟ್ಟಿದ.

ಹಾಡು ನಿಂತಿತು.

"ಯಾರಪಾ?"

"ನಾ... ಮುಬಿನ."

ಕಟಕ್... ಕಟಕ್...

"ಏನ ಮಾಡಾಕತ್ತೀ?"

"ಅಳಸಾಕತ್ತೇನಿ ಆಯಿ. ಮಾಸ್ತರು ಹೇಳಿದ್ರು."

"ಹೌದಾ..." ಎಂದಿತು ದನಿ. ಆಮೇಲೆ, "ಕಾಯ್ದಿಡ್ತೇನಿ ಅಂದಿದ್ರಲ್ಲೋ."

ಅಷ್ಟೇ. ನೆಲಕ್ಕೆ ಕೈಯೂರಿ ಏಳುವಾಗ ಆಗುತ್ತದಲ್ಲ, ಹಾಗೆ ಬಳೆ ಕಿಣಿಕ್ ಎಂದವು. ಪರದೆಯ ಮೇಲೆ ಮೂವತ್ತೇಳು ಹೋಗಿ ಮೂವತ್ತೆಂಟು ಬಂತು.

ಮುಬಿನ ವಾಯರ್ ಕಿತ್ತ. ಹಾರ್ಡ್ ಡಿಸ್ಕ್ ಬಿಚ್ಚಿ ತನ್ನ ಕಂಪ್ಯೂಟರಿಗೆ ಜೋಡಿಸಿದ. ಅಳಿಸಿದ್ದನ್ನು ಹುಡುಕಿ ತೆಗೆಯುವ ಉಪಾಯಗಳು ಇರುತ್ತವೆ. ಬೆಳಗಿನ ತನಕ ಒಂದೊಂದನ್ನೇ ಮಾಡಿ ನೋಡಿದ. ಹೆಸರುಗಳು ಸಿಕ್ಕವು. ಖಾತುನಬಿ ಒಂದು, ಖಾತುನಬಿ ಎರಡು... ನಲವತ್ತೊಂದರ ತನಕ. ತೆರೆದರೆ ಒಂದರಲ್ಲೂ ದನಿಯಿಲ್ಲ. ಬರೀ ಸುಂಯ್... ಎನ್ನುವ ಸದ್ದು.

ಇಡಿಯಾಗಿ ಉಳಿದದ್ದು ಒಂದೇ, ಪುಸ್ತಕದ ಹಸ್ತಪ್ರತಿ. ನಲವತ್ತೊಂದು ಪದ. ಮೊದಲ ಪುಟದಲ್ಲಿ 'ರಚನೆ: ಬಸಂತರಾಯ'. ಪ್ರತಿ ಪದದ ಕೊನೆಯಲ್ಲಿ ಖಾತುನಬಿ ತನ್ನ ಹೆಸರು ಸೇರಿಸಿ ಹಾಡುವ ರೂಢಿ. ಆ ಜಾಗದಲ್ಲೆಲ್ಲ ಮಾಸ್ತರರ ಹೆಸರು ಇತ್ತು.

ಲ್ಯಾಪ್‌ಟಾಪನ್ನು ಚೀಲಕ್ಕೆ ಹಾಕಿಕೊಂಡು ಮೊದಲ ಬಸ್ಸಿಗೆ ಮನಗೂಳಿಗೆ ಹೋದ. ಮಾಸ್ತರರು ಕಟ್ಟೆಯ ಮೇಲೆ ಚಹಾ ಕುಡಿಯುತ್ತಿದ್ದರು. ಹಿಂದೆ ಪಡಸಾಲೆಯಲ್ಲಿ ಹೊಸ ಪುಸ್ತಕದ ಗಂಟುಗಳು, ಪ್ರೆಸ್ಸಿನ ದಾರ ಇನ್ನೂ ಬಿಚ್ಚಿರಲಿಲ್ಲ.

"ಡಿಸ್ಕ್ ಸುಟ್ಟೈತಿ ಅಂದಿದ್ರಿ ಸರ್."

ಮಾಸ್ತರರು ಬಸಿಯೊಳಗಿನ ಚಹಾ ಊದಿದರು. "ಆಕಿಗೆ ಓದಾಕ ಬರ್ತಿದ್ದಿಲ್ಲ, ಬರಿಯಾಕ ಬರ್ತಿದ್ದಿಲ್ಲ. ನಾ ಬರೀದಿದ್ರ ಆ ಪದ ಯಾರಿಗೆ ಗೊತ್ತಾಗ್ತಿದ್ದುವು?"

"ಆಕಿ ಹೆಸರರೆ ಇಡಬೇಕಿತ್ತಲ್ರಿ."

"ಆಕಿ ಹಾಡಿದ್ಲು ಅನ್ನಾಕ ನಿನ್ನ ಕಡೆ ಏನೈತಿ?"

ಮುಬಿನ ಚೀಲವನ್ನು ಎದೆಗೆ ಅವುಚಿಕೊಂಡ.

"ಇತ್ತು. ಅಳಸಿದಾವ ನೀನ." ಹಿಂದೆ ಪಾಠ ತಿಳಿಸಿ ಹೇಳುತ್ತಿದ್ದ ಅದೇ ಮೆತ್ತನೆಯ ದನಿ. "ಬ್ಯಾರೆಯವರಿಗೆ ಕೊಟ್ಟಿದ್ರ ತಗದು ನೋಡ್ತಿದ್ರು. ನೀ ನೋಡೂದಿಲ್ಲಂತ ನನಗ ಗೊತ್ತಿತ್ತು. ಬಾ, ಚಾ ಕುಡಿ."

ಮುಬಿನ ಲ್ಯಾಪ್‌ಟಾಪನ್ನು ಕಟ್ಟೆಯ ಮೇಲಿಟ್ಟು ತಿರುಗಿ ಬಂದ. ಬಸ್ಸಿನಲ್ಲಿ ಸೀಟು ಖಾಲಿಯಿದ್ದರೂ ಬಾಗೇವಾಡಿಯ ತನಕ ನಿಂತೇ ಬಂದನಂತೆ. ಹೂಂ ಎಂದು ಒತ್ತಿದ ಆ ಬೆರಳನ್ನೇ ನೋಡುತ್ತ.

ಅಂಗಡಿಗೆ ಹೋಗಿ ಕೂತಿದ್ದು ಮನೆ ಸೇರಿದಾಗ ಮಧ್ಯಾಹ್ನ ಹನ್ನೆರಡರ ಮೇಲಾಗಿತ್ತು. ಫಿರದೋಸ ಹಿತ್ತಲ ಒಲೆಯ ಮುಂದೆ ರೊಟ್ಟಿ ಬಡಿಯುತ್ತಿದ್ದಳು.

"ರಾತ್ರಿ ಬಂದಿದ್ದ ಅಮ್ಮ ಯಾರ್ರಿ?" ಎಂದಳು.

"ಯಾವ ಅಮ್ಮ?"

"ನೀವ ಮಾತಾಡಾಕತ್ತಿದ್ರಲ್ಲ, ನನಗ ಎಚ್ಚರಾತು, ನೀರ ಕುಡಿಯಾಕ ಎದ್ದೆ. ಆಮ್ಯಾಲ ಅವರು ಅಡಗಿಮನಿಗೆ ಬಂದ್ರು. ನೀರ ಕೇಳಿದ್ರು, ಕೊಟ್ಟೆ. ಮನಗೂಳಿ ದಾರಿ ಯಾವ ಕಡೆ ಐತಿ ಅಂದ್ರು. ಇಷ್ಟ ಕತ್ತಲದಾಗ ಎಲ್ಲಿ ಹೋಗ್ತೀರಿ, ಮಲಕೋರಿ ಅಂದೆ. ಕೇಳಲಿಲ್ಲ. ಹಿತ್ತಲ ಬಾಗಲಾ ತಗದು ಹೋಗೇಬಿಟ್ರು."

ಫಿರದೋಸ ಈ ಮನೆಗೆ ಸೊಸೆಯಾಗಿ ಬಂದದ್ದು ಖಾತುನಬಿ ತೀರಿಹೋದ ಒಂದು ವರ್ಷಕ್ಕೆ. ಆಕೆಯ ಒಂದು ಫೋಟೋ ಕೂಡ ಮನೆಯಲ್ಲಿ ಇರಲಿಲ್ಲ.

ಮುಬಿನ ಮೆಲ್ಲಗೆ ಅಡುಗೆಮನೆಗೆ ಹೋದ. ಕಟ್ಟೆಯ ಮೇಲೆ ಸ್ಟೀಲ್ ಗ್ಲಾಸು ಹಾಗೇ ಇತ್ತು. ಅಂಚಿಗೆ ಎಲೆಯಡಿಕೆಯ ಕೆಂಪು, ತುಟಿಯ ಆಕಾರದಲ್ಲಿ. ಆ ಮನೆಯಲ್ಲಿ ಎಲೆಯಡಿಕೆ ಹಾಕುವವರು ಯಾರೂ ಇಲ್ಲ. ಅವನು ಗೋಡೆಯಾಚೆಗೆ ಕೂಗಿ ನಮ್ಮನ್ನೂ ಕರೆದ, ಹೋದೆವು.

ಮಾಸ್ತರರ ಪುಸ್ತಕ ಇವತ್ತಿಗೂ ಸಿಗುತ್ತದೆ, ಅವರ ಹೆಸರಿನಲ್ಲೇ. ಆದರೆ ಆ ಗ್ಲಾಸನ್ನು ಕಣ್ಣಾರೆ ಕಂಡವರು ನಾವು ನಾಲ್ಕು ಮಂದಿ ಇದ್ದೇವೆ. ಏಪ್ರಿಲ್ ತಿಂಗಳು, ಒದ್ದೆ ಬಟ್ಟೆ ಕಾಲು ತಾಸಿನಲ್ಲಿ ಒಣಗುವಂಥ ಬಿಸಿಲು. ಅಂಥ ಮಧ್ಯಾಹ್ನದಲ್ಲೂ ಆ ಕೆಂಪು ಹಸಿಯಾಗಿಯೇ ಇತ್ತು. ನಾನೇ ಮುಟ್ಟಿ ನೋಡಿದೆ... ಬೆರಳಿಗೆ ಹತ್ತಿತು.