ಅಂಗೈಯಗಲದ ಕಂಪ್ಯೂಟರ್

ಹಲ್ಲಿನ ಡಾಕ್ಟರ ಕೋಣೆಯ ಹೊರಗೆ ದವಡೆ ಹಿಡಿದು ಕೂತಿದ್ದ ಟೈಲರನಿಗೆ, ಪಕ್ಕದ ಬೆಂಚಿನಲ್ಲಿದ್ದ ಅಕ್ಕತಂಗಿಯರ ಮಾತು ಬೇಡವೆಂದರೂ ಕಿವಿಗೆ ಬೀಳುತ್ತಿತ್ತು.

“ಕೊನೆಗೂ ಸಿನಿಮಾ ನೋಡೋಕೆ ಯಾವ ಕಂಪ್ಯೂಟರ್ ತಗೊಂಡೆ ಅಕ್ಕ?”

“ಅಂಗೈಯಗಲದ್ದು. ಟೀವಿ ಹಿಂದೆ ಅಂಟಿಸಿಬಿಟ್ಟಿದೀನಿ, ಕಾಣೋದೇ ಇಲ್ಲ.”

“ಅಣ್ಣ ದೊಡ್ಡದೇ ಬೇಕು ಅಂತ ಹಟ ಹಿಡಿದಿದ್ನಲ್ಲ?”

“ಹಿಡಿದಿದ್ದ. ಪುಟ್ಟದ್ರಲ್ಲಿ ಸಿನಿಮಾ ನಿಂತು ನಿಂತು ಓಡುತ್ತೆ ಅಂದ. ನಾನು ಅಂಗಡೀಲೇ ಅರ್ಧ ಸಿನಿಮಾ ಹಾಕಿಸಿ ನೋಡಿದೆ. ಒಂದು ಕಡೆನೂ ನಿಲ್ಲಲಿಲ್ಲ. ಒಳಗೆ ಫ್ಯಾನೇ ಇಲ್ಲ, ಹಾಗಾಗಿ ಸದ್ದೂ ಇಲ್ಲ.”

“ಸದ್ದಿದ್ರೆ ಅಮ್ಮಂಗೇನಂತೆ, ಕಿವಿ ಕೇಳಲ್ವಲ್ಲ.”

“ಅವಳಿಗೋಸ್ಕರಾನೇ ಕಣೇ ತಂದಿದ್ದು. ಮಾತೆಲ್ಲ ಕೆಳಗೆ ಅಕ್ಷರದಲ್ಲಿ ಬರುತ್ತೆ, ಎಷ್ಟು ದಪ್ಪ ಬೇಕೋ ಅಷ್ಟು ಮಾಡ್ಕೋಬಹುದು. ಟೀವಿಯ ಹಳೇ ಡಬ್ಬೀಲಿ ಅಕ್ಷರ ಇರುವೆ ಸಾಲಿನ ಹಾಗೆ ಕಾಣ್ತಿತ್ತು.”

ಟೈಲರ್ ದವಡೆಯಿಂದ ಕೈ ತೆಗೆದ.

“ಅಮ್ಮ ಬಂದು ಕೂತ್ಲಾ? ನೀವು ನಗೋದನ್ನ ನೋಡ್ಕೊಂಡು ನಾನೇನು ಮಾಡ್ಲಿ ಅಂತ ಎದ್ದು ಹೋಗ್ತಿದ್ಲು.”

“ಕೊನೇವರೆಗೂ ಕೂತ್ಲು. ಮಾತಿಗಿಂತ ಅಕ್ಷರ ಒಂದು ಚೂರು ಮೊದಲೇ ಬರುತ್ತೆ ನೋಡು. ಹಾಗಾಗಿ ಪ್ರತಿ ತಮಾಷೆಗೂ ಅಮ್ಮಂದೇ ಮೊದಲ ನಗು, ನಾವೆಲ್ಲ ಅವಳ ಹಿಂದೆ.”

“ಅಣ್ಣ ಏನಂದ?”

“ಏನಂತಾನೆ, ಯಾಕೆ ನಗ್ತಿದಾಳೆ ಅಂತ ಅವಳ ಮುಖಾನೇ ನೋಡ್ದ. ಅಮ್ಮ, ‘ತಡಿಯೋ, ಹೀರೋ ಈಗ ಹೇಳ್ತಾನೆ’ ಅಂದ್ಲು.”

ಅಷ್ಟರಲ್ಲಿ ಒಳಗಿನಿಂದ ಕರೆ ಬಂತು. ಹಲ್ಲು ಕೀಳಿಸಿಕೊಳ್ಳಬೇಕಿದ್ದ ಅಕ್ಕ, ಬಹುಮಾನ ತೆಗೆದುಕೊಳ್ಳಲು ಹೊರಟವಳಂತೆ ತಲೆಯೆತ್ತಿ ನಡೆದಳು. ತಂಗಿ ಚೀಲ ಎತ್ತಿಕೊಂಡು ನಗುತ್ತಲೇ ಹಿಂದೆ ಹೋದಳು.