ನಿರಗಿ ಹಿಡದೀನಿ, ಅಲ್ಲಾಡಬ್ಯಾಡ

...ನಿಂದ್ರು ಅಂದ್ನೆಲ್ಲ, ನಿರಗಿ ಹಿಡದೀನಿ. ನೋಡ್, ಮತ್ತ ಬಿಚ್ಚಿದಿ. ಶಿವಾನಿ, ಕೆಳಗ ಸೊಸೈಟಿ ಹಾಲ್‌ದಾಗ ಕುರ್ಚಿ ಹಾಕ್ಯಾರ. ನಮ್ಮ ವಾಕಡ ಏರಿಯಾದಾಗಿನ ಕನ್ನಡ ಮಂದಿ ಎಲ್ಲಾ ಬಂದು ಕುಂತಾರ, ನಿನ್ನ ಸಲುವಾಗಿ ಶಾಲು, ತೆಂಗಿನಕಾಯಿ ತಂದಿಟ್ಟಾರ. ಹೋಗಿ, ಬಗ್ಗಿ ತಗೊಂಡು ಬಂದುಬಿಡು. ಮುಗೀತು.

ಯಾಕ ಹಂಗ ಮಾರಿ ಮಾಡ್ತಿ? ಸುಳ್ಳಂತೀಯೇನು? ಭೋಪಾಲದ ಡಿಸೈನ್ ಕಾಲೇಜಿನ್ಯಾಗ ಸೀಟು ಸಿಕ್ಕಿದ್ದು ಖರೆ ಅಲ್ಲೇನು? ಹನ್ನೆರಡನೇ ಪರೀಕ್ಷಾಕ್ಕ ಕುಂದ್ರೂಕಿಂತ ಮೊದಲ ಸಿಕ್ಕಿತ್ತು! ಇವತ್ತ ಮುಂಜಾನೆ ಫೋನ್ ಮಾಡಿ, ಮಾರ್ಕ್ಸ್ ಸಾಲಂಗಿಲ್ಲ, ಸೀಟು ಇಲ್ಲ ಅಂದ್ರು... ಅದು ಇವತ್ತಿನ ಮಾತು. ಮಂದಿಗೆ ನಾಕು ದಿನ ಬಿಟ್ಟು ಹೇಳೂಣು. ಹುಡುಗಿಗೆ ಜಡ್ಡಾತು, ಹೋಗ್ಲಿಲ್ಲ ಅಂತ.

ನಗಬ್ಯಾಡ. ನೀ ಹಂಗ ನಕ್ಕರ ನನಗ ಅಂಜಿಕಿ ಬರ್ತದ.

ಹೊರಗ ನಿಮ್ಮ ಆಯಿ ಅನ್ನೂದು ಕೇಳಿಸ್ತಿಲ್ಲೋ? 'ಕೂಸು ಹುಟ್ಟೂಕಿಂತ ಮೊದಲ ಕುಲಾಯಿ ಹೊಲಿಸಿದ್ಲು' ಅಂತ. ನಾ ಈ ಮನಿಗೆ ಸೊಸಿಯಾಗಿ ಬಂದಾಗಿಂದ ಆಕಿ ಬಾಯಾಗ ನನಗ ಒಂದು ಸಿಹಿ ಮಾತು ಬಂದಿಲ್ಲ. ನಿಮ್ಮಪ್ಪಗ ಚಾಕಣದ ಕಾರ್ಖಾನ್ಯಾಗ ರಾತ್ರಿ ಪಾಳಿ, ಹಗಲೆಲ್ಲಾ ನಿದ್ದಿ.

ಪೇಢೆ ಹಂಚಿದಾಕಿ ನಾನೇ, ಹೌದು. ಮಗಳಿಗೆ ಸೀಟು ಸಿಕ್ರ ಯಾವ ತಾಯಿ ಹಂಚಂಗಿಲ್ಲ? ರುದ್ರವ್ವ ಕಾಕು ಆರತಿ ಮಾಡ್ತೀನಿ, ಊಟಕ್ಕ ಬರ್ರಿ ಅಂದ್ಲು, ಹೋದಿವಿ. ಆಕಿ ಕರದ್ಲಂತ ಆಕಿ ಬೀಗರು ಕರದ್ರು. ದೇಹೂ ರೋಡಿನ ಅತ್ತಿ ಕರದ್ಲು. ಒಬ್ಬರ ಮನಿಗೆ ಹೋಗಿ ಇನ್ನೊಬ್ಬರ ಮನಿಗೆ ಒಲ್ಲೆ ಅನ್ನಾಕ ಆಗ್ತದೇನು? ನೀ ಚೀಲದಾಗ ಪುಸ್ತಕ ಇಟ್ಕೊಂಡು ಬರ್ತಿದ್ದಿ, ಪಾಪ. ಹೋಳಿಗಿ ತಾಟಿನ ಮುಂದ ಪುಸ್ತಕ ಯಾರು ತಗೀತಾರ...

'ಅವ್ವಾ, ನಾ ಬರಂಗಿಲ್ಲ, ಓದಬೇಕು' ಅಂದಿದ್ದಿ. ನೆನಪದ. 'ಅರವತ್ತು ಬಂದ್ರ ಸಾಕು ಅಂದಾರ, ಅರವತ್ತು ನಿನಗ ಕಣ್ಣು ಮುಚ್ಚಿ ಬರ್ತದ' ಅಂದೆ. ಬರ್ಲಿಲ್ಲೇನು? ಎಪ್ಪತ್ತೊಂದು ಬಂತು! ಈ ವರ್ಷ ಎಪ್ಪತ್ತೈದು ಬೇಕು ಅಂತ ಆ ಕಾಲೇಜಿನ ಮೇಡಂ ಸಂಕ್ರಮಣದ ಮುಂದ ಫೋನ್ ಮಾಡಿದಾಗ ನಾ ಎಳ್ಳು ಹುರೀಲಿಕತ್ತಿದ್ದೆ, ಆ ಗದ್ದಲದಾಗ...

...ಪಿನ್ ಎಲ್ಲಿಟ್ಟೆ? ಇಲ್ಲೇ ಇಟ್ಟಿದ್ದೆ.

ನೀ ಕ್ಲಾಸಿಗೆ ಹೋಗಿದ್ದಿ. ಬಂದಮ್ಯಾಲೆ ಹೇಳೂಣು ಅಂದ್ಕೊಂಡೆ. ಆಮ್ಯಾಲೆ ಮರತೆ. ಮನಿತುಂಬ ಕೆಲಸ, ಎಳ್ಳು ಬ್ಯಾರೆ ಸೀದಿತ್ತು... ಮರತೆ ಅಂದ್ನೆಲ್ಲ. ಮನಷ್ಯಾ ಮರಿಯಂಗಿಲ್ಲೇನು?

ಬೈ. ಬೈದುಬಿಡು ಒಮ್ಮೆ. ಸೀರಿ ಯಾಕ ಬಿಚ್ಚತಿ? ಶಿವಾನಿ, ಮಂದಿ ಕುಂತಾರ ಕೆಳಗ... ಕೈ ಬಿಡಿಸ್ಕೋಬ್ಯಾಡ. ಹಂಗ ನೋಡಬ್ಯಾಡ ನನ್ನ.

...ಮರತಿದ್ದಿಲ್ಲ.

ಆರತಿ ತಾಟಿನ ಮುಂದ ನೀ ಕುಂತಾಗೆಲ್ಲಾ ನೆನಪಿತ್ತು. ನಾಳೆ ಹೇಳ್ತೀನಿ, ನಾಳೆ ಹೇಳ್ತೀನಿ ಅಂತ... ಪರೀಕ್ಷಾನೇ ಬಂದುಬಿಡ್ತು. ಈ ಮನ್ಯಾಗ ಒಬ್ಬರು ಬೈತಾರ, ಇನ್ನೊಬ್ಬರು ಮಲಗ್ತಾರ. ನೀ ಹೋದ್ರ ನನ್ನ ಜೋಡಿ ಮಾತಾಡಾವ್ರು ಯಾರವ್ವಾ?

ಈಗ ಎಲ್ಲೂ ಹೋಗಂಗಿಲ್ಲಲ್ಲ. ಇಲ್ಲೇ ಉಳದಿ. ಒಂದು ಮಾತರೆ ಆಡು.

ಶಿವಾನಿ... ಒಂದು ಮಾತು.