ಗೋಡೆಯೊಳಗಿನ ಇಮೆಲ್ಡಾ

ಮೇರಿಮಾತೆಯ ಮೊಂತಿ ಹಬ್ಬಕ್ಕೆ ಮುಂಚಿನ ಒಂಬತ್ತು ದಿನದ ನೊವೆನಾ ಪ್ರಾರ್ಥನೆ ಮುಗಿದದ್ದೇ ತಡ, ಬೆಳ್ಮಣ್ಣಿನ ಆಚೆಯ ಗುಡ್ಡದ ಇಗರ್ಜಿಯ ಮೇಲೆ ಮಳೆ ಕವುಚಿ ಬಿತ್ತು. ಕೊಡೆ ತಾರದ ಹೆಂಗಸರು ಬಾಗಿಲ ಹೊರಗಿನ ದುಂಡುಕಮಾನಿನ ಕೆಳಗೆ ಗುಂಪಾದರು. ಅವರಲ್ಲಿ ಗ್ಲ್ಯಾಡಿಸ್ ಕೂಡ ಇದ್ದಳು. ಊರಿನ ಗುರ್ಕಾರ, ಅಂದರೆ ಇಗರ್ಜಿಯ ಮುಖಂಡ ಮೌರಿಸನನ್ನು ಮದುವೆಯಾಗಿ ಬಂದು ಅವಳಿಗೆ ಐದು ತಿಂಗಳು. ಶಾಲೆಯ ಪ್ರಫುಲ್ಲಾ ಟೀಚರ್ ಒಳಗೆ ಇಣುಕಿ, “ಅಷ್ಟು ಚಂದದ ಚಿತ್ರದ ನಡುವೆ ಒಂದು ಮುಖಕ್ಕೆ ಮಾತ್ರ ಸುಣ್ಣ ಬಳಿದದ್ದು ಎಂತಕ್ಕೆ?” ಎಂದು ಕೇಳಿದರು.

ಊರಿನ ಹೆಂಗಸರು ಸೆರಗು ಹಿಂಡತೊಡಗಿದರು. ಗೋಡೆಗೆ ಒರಗಿ ಕೂತಿದ್ದ ಮುದುಕಿ ಬರ್ತಾಬಾಯಿ, ಟೀಚರಿಗೆ ತಿಳಿಯಲೆಂದು ಕೊಂಕಣಿ ಬಿಟ್ಟು ಕನ್ನಡದಲ್ಲೇ ಶುರುಮಾಡಿದಳು. ಕಣ್ಣು ಮಾತ್ರ ಗ್ಲ್ಯಾಡಿಸಳ ಮೇಲಿತ್ತು.

“ಎಂತಕ್ಕೆ ಅಂತ ನಾನು ಹೇಳ್ತೇನೆ, ಕೂತ್ಕೊಳ್ಳಿ. ಈ ಇಗರ್ಜಿ ಕಟ್ಟಿಸಿದ್ದು ಇಟಲಿಯ ಒಬ್ಬ ಪಾದ್ರಿ. ತನ್ನ ಹಳ್ಳಿಯಲ್ಲಿ ಹೇಗುಂಟೋ ಹಾಗೇ ಬೇಕು ಅಂತ ಹಠ ಅವರಿಗೆ... ಆಳು ಅಡ್ಡ ಮಲಗುವಷ್ಟು ದಪ್ಪದ ಮುರಕಲ್ಲಿನ ಗೋಡೆ, ಕೈ ತೂರುವಷ್ಟೇ ಕಿಟಕಿ, ಪೀಠದ ಹಿಂದೆ ಅರ್ಧ ತೆಂಗಿನಕಾಯಿ ಕವುಚಿದ ಹಾಗಿರುವ ಗುಮ್ಮಟದ ಮಾಡು, ಅದರ ಕೆಳಗೆ ಗೋಡೆ ತುಂಬ ಕಡೇ ದಿನದ ಚಿತ್ರ, ಸತ್ತವರೆಲ್ಲ ಗುಂಡಿಯಿಂದ ಎದ್ದು ಬರುವುದು. ಬರೆದದ್ದು ಯಾರು? ನನ್ನ ಗಂಡ ಎಡ್ಮಂಡ್! ಗಾರೆ ಹಸಿ ಇರುವಾಗಲೇ ಬಣ್ಣ ಹಾಕಬೇಕು, ಆಗ ಅದು ಗೋಡೆಗೇ ಇಳೀತದೆ, ಉಜ್ಜಿದರೂ ಹೋಗುವುದಿಲ್ಲ.

“ನಮಗೆ ಒಬ್ಬಳೇ ಮಗಳು, ಇಮೆಲ್ಡಾ. ಐವತ್ತಾರನೇ ಇಸವಿಯಲ್ಲಿ ಹತ್ತೊಂಬತ್ತು ವರ್ಷ. ಆಗಿನ ಗುರ್ಕಾರ ಅಲೆಕ್ಸಾಂಡರ್, ಈ ಗ್ಲ್ಯಾಡಿಸಳ ಮಾವ, ಅವನ ಬಾವಿಯ ನೀರಿಗೆ ಹೋದವಳು ಒಳಗೆ ಬಿದ್ದಳು. ಯಾಕೆ ಬಿದ್ದಳು? ಆ ಮಹಾನುಭಾವ ಬಾವಿಕಟ್ಟೆಯ ಕಲ್ಲು ಕಿತ್ತು ಜಗಲಿಗೆ ಮೆಟ್ಟಿಲು ಮಾಡಿಸಲಿಕ್ಕೆ ಹೊರಟಿದ್ದ, ಅದಕ್ಕೆ! ಹೆಣ ಎತ್ತುವ ಮೊದಲೇ ಕಲ್ಲು ವಾಪಸು ಇಡಿಸಿದ. ಪಾದ್ರಿಯ ಎದುರು ಎದೆ ಮುಟ್ಟಿ, ‘ಹುಡುಗಿ ತಾನಾಗಿ ಹಾರಿದಳು, ಕಣ್ಣಾರೆ ಕಂಡೆ’ ಅಂದ. ಹಾರುವವಳು ಕೊಡದ ಹಗ್ಗ ಕೈಗೆ ಸುತ್ತಿಕೊಳ್ತಾಳಾ, ಮಾರಾಯ್ತಿ? ನಾನು ತಾಯಿ, ನನ್ನ ಮಾತನ್ನು ಪಾದ್ರಿ ನಂಬಲಿಲ್ಲ, ಗೊತ್ತಿದ್ದವರೂ ಬಾಯಿ ಹೊಲಿದುಕೊಂಡು ಕೂತರು. ಟೀಚರೇ, ಹಾರಿ ಸತ್ತವರಿಗೆ ಆಗ ನಮ್ಮಲ್ಲಿ ಮಂತ್ರಿಸಿದ ಮಣ್ಣು ಇಲ್ಲ. ಗಂಟೆ ಇಲ್ಲ, ಪಾದ್ರಿ ಇಲ್ಲ. ನನ್ನ ಮಗಳನ್ನು ಸ್ಮಶಾನದ ಕಂಪೌಂಡಿನ ಹೊರಗೆ, ದನ ಮೇಯುವಲ್ಲಿ ಹೂತರು.

“ಅದೇ ಮಳೆಗಾಲ ಚಿತ್ರದ ಒಂದು ಕಡೆ ಗಾರೆ ಕುಸಿಯಿತು. ಎಡ್ಮಂಡನೇ ಸರಿಮಾಡಬೇಕಲ್ಲ? ಮಾಡಿದ. ಸ್ವರ್ಗಕ್ಕೆ ಹೋಗುವವರ ಸಾಲಿನಲ್ಲಿ ಇಮೆಲ್ಡಾಳ ಮುಖ ಬರೆದ, ಮೇಲೆ ನೋಡುವ ಹಾಗೆ. ‘ಗೋಡೆಯ ಹೊರಗೆ ಹಾಕಿದಿರಲ್ಲ, ನಾನು ಗೋಡೆಯೊಳಗೇ ಇಟ್ಟಿದ್ದೇನೆ, ತೆಗೀರಿ ನೋಡುವ!’ ಅಂದ. ಗುರ್ಕಾರ ಬಿಡ್ತಾನಾ? ಹಬ್ಬದ ನೆಪದಲ್ಲಿ ಸುಣ್ಣ ಬಳಿಸಿದ. ಎಂಟು ದಿನದಲ್ಲಿ ಸುಣ್ಣ ಪದರ ಎದ್ದು ಬಿತ್ತು... ಅವಳು ಅಲ್ಲೇ ಇದ್ದಾಳೆ. ಆದರೆ ಮೇಲೆ ನೋಡುವುದಿಲ್ಲ. ಮೊದಲನೇ ಬೆಂಚಿನ ಗುರ್ಕಾರನನ್ನೇ ನೋಡ್ತಾಳೆ! ಅವನು ಎಡಕ್ಕೆ ಹೋದ, ಮುಖ ಎಡಕ್ಕೆ ತಿರುಗಿತು. ಕಂಬದ ಮರೆಗೆ ಹೋದ, ಅಲ್ಲಿಗೂ ತಿರುಗಿತು. ಕಡೆಗೆ ಇಗರ್ಜಿಗೆ ಬರುವುದನ್ನೇ ಬಿಟ್ಟ, ನಿಜ ಹೇಳದೆಯೇ ಸತ್ತ, ಹಾಳಾದವ! ಅವನಿಗೆ ಗಂಟೆ, ಮೇಣದಬತ್ತಿ, ಮಂತ್ರಿಸಿದ ಮಣ್ಣು ಎಲ್ಲ ಸಿಕ್ಕಿತು. ನನ್ನ ಮಗಳು ಇವತ್ತಿಗೂ ಹೊರಗೆ ನೆನೀತಾ ಇದ್ದಾಳೆ. ನೀವು ದೆವ್ವ ಅಂತೀರಿ... ನನಗೆ ಅವಳು ಮಗಳು.”

ಗ್ಲ್ಯಾಡಿಸಳಿಗೆ ಮೈಯೆಲ್ಲ ಉರಿಯಿತು. “ಮಾವ ಸತ್ತು ಐದು ವರ್ಷ ಆಯ್ತು, ಬರ್ತಾಬಾಯಿ. ಸತ್ತವರನ್ನು ಇನ್ನೂ ಯಾಕೆ ಬೈತೀರಿ?”

“ಸತ್ತವನನ್ನು ಬಿಡು. ಆ ಕಲ್ಲುಗಳನ್ನು ಹೊತ್ತು ವಾಪಸು ಇಟ್ಟದ್ದು ಯಾರು? ಆಗ ಇನ್ನೂ ಹುಡುಗನಾಗಿದ್ದ ನಿನ್ನ ಮೌರಿಸ! ಗುರ್ಕಾರನಾದ ಕೂಡಲೇ ಮೊನ್ನೆ ಪುನಃ ಸುಣ್ಣ ಬಳಿಸಿದ್ದು ಯಾರು? ಈ ಮಳೆಯಲ್ಲಿ ಸುಣ್ಣ ಆರ್ತದಾ ಅಂತ ಸಹ ಯೋಚಿಸಲಿಲ್ಲ, ಅಷ್ಟು ಹೆದರಿಕೆ. ಹೋಗು, ಗಂಡನ ಬೆಂಚಿನಲ್ಲಿ ಒಮ್ಮೆ ಕೂತು ನೋಡು.”

ಗ್ಲ್ಯಾಡಿಸ್ ದಡಬಡನೆ ಒಳಗೆ ಹೋದಳು, ಹೆಂಗಸರು ಕೂರಬಾರದ ಆ ಬೆಂಚಿನಲ್ಲಿ ಕೂತಳು. ಹಸಿ ಸುಣ್ಣದ ಅಡಿಯಿಂದ ಎರಡು ಕಣ್ಣು ಅವಳನ್ನೇ ನೋಡುತ್ತಿದ್ದವು. ಎದ್ದು ಬಲಕ್ಕೆ ಸರಿದಳು, ಬಾಗಿಲಿಗೆ ಓಡಿದಳು. ಕಣ್ಣು ಜೊತೆಗೇ ಬಂದವು.

“ಮೌರಿಸ್ ತಾನೇ ತಪ್ಪು ಮಾಡಿದ್ದು! ನನ್ನನ್ನು ಯಾಕೆ ನೋಡ್ತಾಳೆ?” ಎಂದು ಕಿರುಚಿದಳು.

“ನಿನಗೂ ಈಗ ಗೊತ್ತಾಯ್ತಲ್ಲ,” ಎಂದಳು ಬರ್ತಾಬಾಯಿ, ಒಬ್ಬೊಬ್ಬರ ಮುಖವನ್ನೂ ನೋಡುತ್ತ. “ಗೊತ್ತಿದ್ದೂ ಪಾದ್ರಿಯ ಹತ್ತಿರ ಹೋಗಿ ಹೇಳದವರನ್ನೆಲ್ಲ ಅವಳು ನೋಡ್ತಾಳೆ. ಟೀಚರೇ, ಕೇಳಿದ್ದು ನೀವೇ ಅಲ್ವಾ... ಒಳಗೆ ಹೋಗಿ, ನಿಮಗೂ ಕಾಣ್ತದೆ.”